ಬಾದಾಮಿಯ ಉಪವಾಸ

ಶಿಡ್ಲಘಟ್ಟ
ಜೂನ್ 1994, ಭಾನುವಾರ

ಪ್ರೀತಿಯ ಷಮೀಮ್,

ಇವತ್ತು ಬೆಳಿಗ್ಗೆ ಬಾದಾಮಿ ತನ್ನ ತಟ್ಟೆಯನ್ನು ನೆಕ್ಕುತ್ತಾ ನೆಕ್ಕುತ್ತಾ ನಮ್ಮ ಮನೆ ಬಾಗಿಲಿನಿಂದ ನೀರಿನ ತೊಟ್ಟಿಯವರೆಗೂ ತಳ್ಳಿಕೊಂಡು ಹೋದ. ತಟ್ಟೆ ತೊಟ್ಟಿಗೆ ತಗುಲಿ ನಿಂತಾಗ ತಲೆ ಎತ್ತಿ ನನ್ನನ್ನೇ ನೋಡಿದ, ತೊಟ್ಟಿಯನ್ನು ಬೇಕೆಂದೇ ಅಡ್ಡ ಇಟ್ಟವಳು ನಾನೇ ಎಂಬಂತೆ. ಹೌದು ಕಣೇ, ನಿಮ್ಮ ಅಬ್ಬಾ ಸಾಕಿದ ನಾಯಿ ಬಾದಾಮಿಯೇ. ಬದುಕಿದ್ದಾನೆ. ನಿಂತು ಓದುತ್ತಿದ್ದರೆ ಕೂತುಕೋ.

ನಿಮ್ಮಣ್ಣ ಅಸದುಲ್ಲಾನಿಗೆ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ, ರೇಷ್ಮೆ ತೆಗೆಯುವ ಶೆಡ್ಡನ್ನು ನಲ್ಲಪ್ಪನವರಿಗೆ ಮಾರಿ, ನೀವೆಲ್ಲ ಗೌರಿಬಿದನೂರಿಗೆ ಹೊರಟ ದಿನ ಬಾದಾಮಿ ಶೆಡ್ಡಿನ ಬಾಗಿಲಲ್ಲಿ ಬಿದ್ದುಕೊಂಡಿದ್ದ. ಅಬ್ಬಾ ತೀರಿಕೊಂಡ ವಾರದಿಂದಲೇ ಊಟ ಬಿಟ್ಟಿದ್ದ. ನೀನು ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದೆ: "ಬಲವಂತ ಮಾಡ್ಬೇಡ ಕಣೇ ರತ್ನ. ಅಬ್ಬಾ ಹಿಂದೇನೇ ಹೋಗ್ತಾನೆ ಇವನು. ಹೋಗ್ಲಿ ಬಿಡು." ಅಬ್ಬಾ ಹೋದ ಮೇಲೆ ನೀನು ಬಾಯಿಬಿಟ್ಟು ಅತ್ತದ್ದು ಆಗಲೇ. ಆ ಅಳುವಿನಲ್ಲಿ ಒಂದು ಸಮಾಧಾನವೂ ಇತ್ತು. ಮಾತು ನನ್ನಿಂದ ಬರುವುದು ಕಷ್ಟ, ನಿನಗೆ ಗೊತ್ತಲ್ಲ. ಆದರೆ ನೋಡುವುದನ್ನು ಯಾವತ್ತೂ ಬಿಟ್ಟವಳಲ್ಲ.

ನೀವು ಹೋದ ಮೇಲೆ ಬೀದಿಗೆ ಬೀದಿಯೇ ಅವನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಿತು. ಎದುರುಮನೆ ಅಕ್ಕಯಮ್ಮ ಅವನ ತಲೆಯ ಹತ್ತಿರ ಚೆಂಡು ಹೂವಿಟ್ಟು ಊದುಬತ್ತಿ ಹಚ್ಚಿದರು. "ಮನುಷ್ಯರಲ್ಲೇ ಇಂಥ ನಿಯತ್ತಿಲ್ಲ ಕಣಮ್ಮ" ಅಂತ ಕೈ ಮುಗಿದರು. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿಸಿ ಹೊರಟ ರೈತರೂ ಒಂದು ಗಳಿಗೆ ನಿಂತು ನೋಡಿ ಹೋಗುತ್ತಿದ್ದರು. ಯಾರೋ ಮಟನ್ ಅಂಗಡಿಯಿಂದ ಒಳ್ಳೊಳ್ಳೆ ಮೂಳೆ ತಂದು ಹಾಕಿದರು. ಅವನು ಮುಟ್ಟಲಿಲ್ಲ. ಮುಟ್ಟದಷ್ಟೂ ಅವನ ಹೆಸರು ಬೆಳೆಯಿತು. ನಲ್ಲಪ್ಪನವರಂತೂ "ಪಾಪ, ಇರೋವರ್ಗೂ ಇಲ್ಲೇ ಇರ್ಲಿ. ಹೋದ್ರೆ ನನ್ನ ಖರ್ಚಲ್ಲೇ ಮಣ್ಣು ಮಾಡಿಸ್ತೀನಿ" ಎಂದರು. ಅವನು ಸಾಯುವುದಕ್ಕೆ ಎಲ್ಲರ ಒಪ್ಪಿಗೆಯೂ ಇತ್ತು ಷಮೀಮ್.

ಒಂದು ಸಂಜೆ ನಾನು ಅವನಿಗೆ ಕುರಿಯ ಲಿವರ್ ಚೂರು ಹಾಕಿದೆ. ಬಾಯಿಗೆ ತೆಗೆದುಕೊಂಡ. ಒಂದು ಸಲ ಅಗಿದ. ತಲೆಯನ್ನು ಒಂದು ಕಡೆಗೆ ವಾಲಿಸಿ ಕೆಳಕ್ಕೆ ಬೀಳಿಸಿದ. ಆಮೇಲೆ ಜೊಲ್ಲು ಸುರಿಸುತ್ತಾ ಆ ಚೂರನ್ನೇ ನೋಡುತ್ತಾ ಕೂತ. ಊಟ ಬೇಡವೆಂದವನು ಊಟವನ್ನು ಹಾಗೆ ನೋಡುವುದಿಲ್ಲ.

ಅಮ್ಮನಿಗೆ ಹೇಳಿದೆ. ನಿಮ್ಮ ಶೆಡ್ಡಿನಲ್ಲೇ ನೂಲು ತೆಗೆದು ನನ್ನನ್ನು ಓದಿಸಿದ ಅಮ್ಮ ನನ್ನ ಮಾತಿಗೆ ನಕ್ಕುಬಿಟ್ಟಳು. "ಓದಿ ಓದಿ ನಿನ್ಗೆ ಎಲ್ಲಾದ್ರಲ್ಲೂ ಅನುಮಾನ. ಯಜಮಾನ ಹೋದ್ರೆ ನಾಯಿ ಊಟ ಬಿಡ್ತದೆ, ಲೋಕಕ್ಕೇ ಗೊತ್ತಿರೋ ವಿಷಯ. ಸುಮ್ನಿರಮ್ಮ."

ಸುಮ್ಮನಿರಲಿಲ್ಲ. ನಿಮ್ಮ ಶೆಡ್ಡಿಗೆ ಗೂಡು ಹೊರುತ್ತಿದ್ದ ದಸ್ತಗಿರಣ್ಣನ ಮನೆಗೇ ಹೋದೆ. ಅವತ್ತು ಶುಕ್ರವಾರ. ಜುಮ್ಮಾ ನಮಾಜಿಗೆ ಹೊರಡಲು ಬಿಳಿ ಬಟ್ಟೆ ತೊಟ್ಟು ನಿಂತಿದ್ದರು. ಬಾದಾಮಿಯನ್ನು ದನದ ಆಸ್ಪತ್ರೆಗೆ ಕರೆದೊಯ್ಯಬೇಕು ಎಂದೆ. "ಇವತ್ತೇ ಆಗ್ಬೇಕಾ ತಾಯಿ? ನಾಯಿ ಜೊಲ್ಲು ತಾಗಿದ್ರೆ ಬಟ್ಟೆ ಎಲ್ಲಾ ಮತ್ತೆ ಒಗೀಬೇಕು" ಎಂದರು. ನಾನು ಅಲ್ಲೇ ನಿಂತೆ. ನನ್ನ ಮುಖ ನೋಡಿದರು. "ಆಯ್ತು, ಒಗೆದ್ರಾಯ್ತು. ನೀನು ಬಾಯಿಬಿಟ್ಟು ಕೇಳಿದ್ದೇ ಇದೇ ಮೊದ್ಲು" ಎಂದು ಸೈಕಲ್ ತೆಗೆದರು.

ಗೂಡು ತುಂಬುವ ಮಂಕರಿಯಲ್ಲಿ ಗೋಣಿ ಹಾಸಿ ಅವನನ್ನು ಕೂರಿಸಿ ಕ್ಯಾರಿಯರಿಗೆ ಕಟ್ಟಿದೆವು. ದಸ್ತಗಿರಣ್ಣ ಸೈಕಲ್ ತಳ್ಳಿದರು, ನಾನು ಮಂಕರಿ ಹಿಡಿದುಕೊಂಡೆ. ಮಾರುಕಟ್ಟೆ ಮುಂದೆ ಯಾರೋ ಕೂಗಿದರು: "ಏನ್ ದಸ್ತಗಿರ್, ಈ ಗೂಡು ಕೆಜಿ ಎಷ್ಟಪ್ಪಾ?" ದಸ್ತಗಿರಣ್ಣ ತಿರುಗಿಯೂ ನೋಡದೆ "ಒಂದೇ ಲಾಟು, ಹರಾಜಿಗಿಲ್ಲ" ಎಂದರು.

ಡಾಕ್ಟರ್ ಚೆನ್ನರಾಯಪ್ಪನವರು ಬಾದಾಮಿಯ ತುಟಿ ಎತ್ತಿ ಒಸಡು ಒತ್ತಿದರು. ಕೀವು ಬಂತು. "ಯಾರಮ್ಮ ನಿಮಗೆ ಕೊರಗು ಅಂತ ಹೇಳಿದ್ದು? ಕೊರಗೂ ಇಲ್ಲ ಗಿರಗೂ ಇಲ್ಲ. ದವಡೆ ಹಲ್ಲು ಕೊಳೆತಿದೆ. ಹಸಿದು ಸಾಯ್ತಾ ಇದೆ ಇದು." ಕೊಳೆತದ್ದನ್ನು ಕಿತ್ತರು, ಇಂಜೆಕ್ಷನ್ ಕೊಟ್ಟರು. "ಇದು ಎಷ್ಟೋ ದಿನದ್ದು. ಇಷ್ಟು ಕಾಲ ಏನು ತಿಂದ್ಕೊಂಡಿತ್ತು?" ಎಂದು ಕೇಳಿದರು.

ಆ ಪ್ರಶ್ನೆ ಕೇಳಿದ ಮೇಲೆ ನನಗೆ ಅರ್ಥವಾಯಿತು. ಶೆಡ್ಡಿನಲ್ಲಿ ಗೂಡು ಬೇಯುವ, ಹಬೆಯಾಡುವ ಬಾಣಲೆಗಳ ನಡುವೆ ಸಂಜೆ ಚಹಾ ಬಂದಾಗ ಅಬ್ಬಾ ತಮ್ಮ ಲೋಟದಲ್ಲಿ ಅರ್ಧ ಉಳಿಸುತ್ತಿದ್ದರು. ಬನ್ ಮುರಿದು, ಬೇರೆ ತಟ್ಟೆಗೆ ಹಾಕಿ, ಮೇಲೆ ಆ ಚಹಾ ಸುರಿದು, ನೆನೆಯುವವರೆಗೂ ಕಾದು, ಅವನ ಮುಂದಿಟ್ಟು, ಆಮೇಲೆ ಕೈ ತೊಳೆಯುತ್ತಿದ್ದರು. ಕೆಲಸದ ಹೆಂಗಸರು "ಸಾಬರ ನಾಯಿಗೆ ಚಹಾ ಇಲ್ದಿದ್ರೆ ತಲೆನೋವು ಬರ್ತದಂತೆ" ಎಂದು ನಗುತ್ತಿದ್ದರು. ನೀನೂ ನಗುತ್ತಿದ್ದೆ, ನಾನೂ. ಅಬ್ಬಾ ಯಾರಿಗೂ ಕಾರಣ ಹೇಳಲಿಲ್ಲ. ಅವನಿಗೆ ಅಗಿಯಲು ಆಗುತ್ತಿಲ್ಲ ಎಂಬುದು ಅವರಿಗೊಬ್ಬರಿಗೇ ತಿಳಿದಿತ್ತು. ಅವರು ಹೋದ ಮೇಲೆ ನಾವೆಲ್ಲ ಸೇರಿ ಅವನಿಗೆ ಮೂಳೆ ಹಾಕಿದೆವು.

ನಿನಗೆ ಸಮಾಧಾನ ಕೊಟ್ಟಿದ್ದ ಕಥೆಯನ್ನು ಕಿತ್ತುಕೊಳ್ಳುತ್ತಿದ್ದೇನೆ ಅಂತ ನನಗೆ ಗೊತ್ತು. ಆದರೂ ಅಂಜಿಕೆಯಿಲ್ಲದೆ ಬರೆಯುತ್ತಿದ್ದೇನೆ. ನಾಯಿ ಅಬ್ಬಾಗಾಗಿ ಸಾಯಲು ಹೊರಟಿತ್ತು ಎಂಬುದಕ್ಕಿಂತ, ಅಬ್ಬಾ ದಿನಾ ಅದನ್ನು ಬದುಕಿಸುತ್ತಿದ್ದರು ಎಂಬುದು ನಿನ್ನ ಹತ್ತಿರ ಇರಬೇಕಾದ ನೆನಪು.

ಮಾರನೆಯ ದಿನ ಚಹಾದಲ್ಲಿ ನೆನೆಸಿದ ಬನ್ ತಿಂದು, ತಟ್ಟೆ ಉರುಳಿಸಿ ಅಡಿಯಲ್ಲೂ ಹುಡುಕಿದ. ಅಕ್ಕಯಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು. "ಅಯ್ಯೋ ಇವನ ಮನೆ ಹಾಳಾಗ, ಹಲ್ಲುನೋವಾ? ನಾನು ಕೈ ಬೇರೆ ಮುಗಿದಿದ್ನಲ್ಲೇ!" ಹೂವು ತರುವುದು ನಿಂತಿತು. ನಲ್ಲಪ್ಪನವರ ಮುಖ ಸಣ್ಣದಾಯಿತು. "ಬದುಕ್ಕೊಂತಲ್ಲಮ್ಮ, ಈಗೇನ್ ಮಾಡೋದು? ಶೆಡ್ಡಿಗೆ ಬೊಗಳೋ ನಾಯಿ ಬೇಕು ನನಗೆ." ಸತ್ತರೆ ಮಣ್ಣು ಮಾಡಿಸಲು ಸಿದ್ಧರಿದ್ದವರು ಬದುಕಿದ್ದಕ್ಕೆ ಅನ್ನ ಹಾಕಲು ಸಿದ್ಧರಿರಲಿಲ್ಲ. ನಾನು ಹಗ್ಗ ಹಿಡಿದು ಮನೆಗೆ ಕರೆತಂದೆ.

ನನಗೆ ಮಂಡಿಕಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ ಕೆಲಸ ಸಿಕ್ಕಿದೆ. ಬುಧವಾರ ಹೊರಡುತ್ತೇನೆ. ವೆಂಕಟರತ್ನಮ್ಮ ಎಂಬುವರು ಜಗಲಿ ಇರುವ ಒಂದು ಕೋಣೆ ಬಾಡಿಗೆಗೆ ಕೊಟ್ಟಿದ್ದಾರೆ. ನಾಯಿ ಜೊತೆಗೆ ಬರುತ್ತದೆ ಎಂದಾಗ "ಸಾಕೋದೇ ಆದ್ರೆ ಮರಿ ಸಾಕಮ್ಮ, ಮುದಿದು ಎಷ್ಟು ದಿನ ಇರ್ತದೆ?" ಎಂದರು. ಇರುವಷ್ಟು ದಿನ ನನ್ನ ಹತ್ತಿರ ಇರಲಿ ಎಂದೆ. ಅಷ್ಟು ಜೋರಾಗಿ ಮಾತಾಡಿದ್ದು ನಾನೇನಾ ಎಂದು ಆಮೇಲೆ ನನಗೇ ಅನಿಸಿತು.

ನಿನ್ನೆ ಔಷಧಿ ತರಲು ಆಸ್ಪತ್ರೆಗೆ ಹೋದಾಗ ಬೇವಿನ ಮರಕ್ಕೆ ಕಟ್ಟಿದ್ದ ಒಂದು ಕರಿ ಹೆಣ್ಣು ನಾಯಿ ನೋಡಿದೆ. ಕಣ್ಣಿಗೆ ಪೊರೆ ಬಂದಿದೆ, ಹಿಂಗಾಲು ಎಳೆಯುತ್ತದೆ. ವರ್ಗವಾಗಿ ಹೋದ ಯಾರೋ ಬಿಟ್ಟು ಹೋಗಿದ್ದಾರೆ. "ಮರಿ ಆಗಿದ್ರೆ ಯಾರಾದ್ರೂ ಒಯ್ತಿದ್ರು, ಇದಕ್ಕೆ ಯಾರು ಬರ್ತಾರಮ್ಮ?" ಎಂದರು ಡಾಕ್ಟರು. ನಾನು ಔಷಧಿ ತೆಗೆದುಕೊಂಡು ಬಂದೆ. ರಾತ್ರಿ ಯೋಚಿಸಿದೆ. ಬುಧವಾರ ಅವಳೂ ನನ್ನ ಜೊತೆ ಮಂಡಿಕಲ್ಲಿಗೆ ಬರುತ್ತಾಳೆ. ಅಮ್ಮನಿಗೂ ಹೇಳಿಲ್ಲ, ವೆಂಕಟರತ್ನಮ್ಮನವರಿಗೂ ಹೇಳಿಲ್ಲ. ನಿನಗೇ ಮೊದಲು.

ನಿಮ್ಮ ಅಮ್ಮಿಗೆ ನನ್ನ ಸಲಾಂ ತಿಳಿಸು. ಹೊಸ ಊರಿನ ನೀರು ನಿಮಗೆಲ್ಲ ಒಗ್ಗಲಿ, ನಿನ್ನ ನಗು ಬೇಗ ವಾಪಸು ಬರಲಿ.

ನಿನ್ನ
ಗಂಗರತ್ನ