ಹನ್ನೆರಡನೆಯ ಪಿಜ್ಜಾ

ಸನಿತಾ ಕೇರಿ, ನೇಪಲ್ಸ್
ಬುಧವಾರ, 14 ಅಕ್ಟೋಬರ್ 1992

ಪ್ರೀತಿಯ ತಮ್ಮ ತೀನೋಗೆ,

ಪ್ರೀತಿಯ ಎಂದು ಬರೆದದ್ದು ಕಾಗದದ ಮರ್ಯಾದೆಗೆ, ನಿನ್ನ ಮರ್ಯಾದೆಗಲ್ಲ. ಹೇಗಿದ್ದೀಯ? ಟ್ರಾಮ್ ಓಡಿಸಿ ಓಡಿಸಿ ಸೊಂಟ ಹಿಡಿದುಕೊಂಡಿದೆ ಎಂದು ಈಸ್ಟರ್ ಹಬ್ಬಕ್ಕೆ ಫೋನಿನಲ್ಲಿ ನರಳಿದ್ದೆಯಲ್ಲ, ಈಗ ಬಿಟ್ಟಿತೋ? ನಿನ್ನ ಹೆಂಡತಿ ಓರ್ನೆಲ್ಲಾ ಕ್ಷೇಮವೇ? ತೂರಿನ್‌ನಲ್ಲಿ ಆಗಲೇ ಚಳಿ ಶುರುವಾಗಿರಬೇಕು. ನಾನಿಲ್ಲಿ ಒಲೆಯ ಮುಂದೆ ನಿಂತು ಬೇಯುತ್ತಿದ್ದೇನೆ. ಆ ಬಿಸಿಯಲ್ಲಿ ಈ ಕಾಗದ ಎಷ್ಟು ಹಿಡಿಯುತ್ತದೋ ಅಷ್ಟನ್ನು ನಿನಗೆ ಕಳಿಸುತ್ತಿದ್ದೇನೆ, ಇಬ್ಬರೂ ಕಾಯಿಸಿಕೊಳ್ಳಿ.

ಅಪ್ಪ ಹಾಗೆಯೇ ಇದ್ದಾರೆ. ಕಾಲು ಏಳುವುದಿಲ್ಲ, ನಾಲಿಗೆ ಮಲಗುವುದಿಲ್ಲ. ನೀನು ಏಪ್ರನ್ ಬಿಚ್ಚಿ ಮೊಳೆಗೆ ತೂಗುಹಾಕಿ ಹೋದ ಚಳಿಗಾಲದಲ್ಲೇ ಅವರು ಮಾಳಿಗೆ ಸೇರಿದ್ದು, ನಾನು ಕೆಳಗೆ ಪಿಜ್ಜಾ ಕಟ್ಟೆಗೆ ನಿಂತದ್ದು. ಮೂರು ವರ್ಷದಲ್ಲಿ ನನ್ನ ಕೈಯ ಪಿಜ್ಜಾದ ಒಂದು ತುತ್ತನ್ನೂ ಅವರು ಬಾಯಿಗಿಟ್ಟಿಲ್ಲ ಎಂದು ನಿನಗೆ ಗೊತ್ತೇ? "ಹೆಂಗಸರದ್ದು ಎಣ್ಣೆ ಬಾಣಲೆ, ಗಂಡಸರದ್ದು ಒಲೆ. ನಮ್ಮಪ್ಪನ ಕಾಲದಿಂದ ಹಂಗೇ." ಅಮ್ಮ ಬೀದಿಬಾಗಿಲಲ್ಲಿ ಕೂತು ಪಿಜ್ಜಾ ಕರಿಯುತ್ತ ಕರಿಯುತ್ತಲೇ ತೀರಿಕೊಂಡಳಲ್ಲ, ನಾನೂ ಹಾಗೇ ಹೋಗಬೇಕೆಂದು ಅವರ ಬಯಕೆ. ಈ ಕೇರಿಯವರೆಲ್ಲ ಕೆಳಗೆ ನಿಂತು ಬೆರಳು ನೆಕ್ಕಿಕೊಂಡು ತಿನ್ನುವಾಗ ಅಪ್ಪ ಮೇಲೆ ಹುರುಳಿಕಾಯಿ ಸೂಪು ಕುಡಿದು ನನ್ನನ್ನು ಬೈಯುತ್ತಾರೆ.

ಜುಲೈ ಕೊನೆಯಲ್ಲಿ ಅವರಿಗೆ ಹೊಸ ಹುಚ್ಚು ಹಿಡಿಯಿತು. "ಈ ಊರಲ್ಲಿ ಒಂದಾದ್ರೂ ಒಳ್ಳೇ ಕೈ ಉಳ್ಕೊಂಡಿದೆಯಾ ಹುಡುಕು. ಒಲೆ, ಅಂಗಡಿ ಎರಡನ್ನೂ ಅವನ ಹೆಸರಿಗೆ ಬರೀತೀನಿ. ಸಿಗಲಿಲ್ಲ ಅಂದ್ರೆ ಪಕ್ಕದ ಚಪ್ಪಲಿ ಅಂಗಡಿಯವನಿಗೆ ಮಾರಿಬಿಡ್ತೀನಿ, ನನ್ನ ಒಲೆಯೊಳಗೆ ಬೂಟು ಜೋಡಿಸ್ಕೊಳ್ಳಲಿ." ಹುಡುಕಬೇಕಾದವಳು ಯಾರು? ನಾನೇ. ನನ್ನನ್ನು ಹೊರಗೆ ಹಾಕುವವನನ್ನು ನಾನೇ ಹುಡುಕಿ ತಂದುಕೊಡಬೇಕು! ಪ್ರತಿ ಮಂಗಳವಾರ ಮಧ್ಯಾಹ್ನದ ಗಿರಾಕಿ ಮುಗಿದ ಮೇಲೆ ಊರಿನ ಒಂದೊಂದು ಮೂಲೆಗೆ ಹೋಗಿ ಒಂದು ಮರಿನಾರಾ ಕಟ್ಟಿಸಿಕೊಂಡು ಬರುವುದು. ಬೇರೆ ಪಿಜ್ಜಾ ಅವರಿಗೆ ಬೇಡ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ. ಮಾಡಿದವನ ತಪ್ಪು ಮುಚ್ಚಲು ಮೇಲೆ ಚೀಸ್ ಇರುವುದಿಲ್ಲ.

ಆಗಸ್ಟಿನಲ್ಲಿ ಅರ್ಧ ಊರು ಬೀಗ ಹಾಕಿಕೊಂಡು ಸಮುದ್ರದ ಕಡೆ ಹೋಗಿತ್ತು. ಅದಕ್ಕೂ ಬೈಗುಳ ನನಗೇ. ಫೋರ್ಚೆಲ್ಲಾ ಕೇರಿಯಿಂದ ಒಂದು ತಂದೆ. "ಇದನ್ನ ಹಿಂಡಿದ್ರೆ ಒಂದು ಬಕೆಟ್ ನೀರು ಬರತ್ತೆ." ಬಂದರಿನಿಂದ ತಂದೆ. "ಬೆಳ್ಳುಳ್ಳಿ ಇದರ ಮೇಲೆ ಬಿದ್ದಿಲ್ಲ ಕಣೇ, ಪಕ್ಕದ ಬೀದೀಲಿ ಹಾದುಹೋಗಿದೆ." ಪೇಪರಿನವರು ಊರಿಗೇ ಮೊದಲು ಎಂದು ಬರೆದ ಅಂಗಡಿಯ ಮುಂದೆ ಒಂದು ಗಂಟೆ ಬಿಸಿಲಲ್ಲಿ ನಿಂತು ತಂದೆ. "ಸಾಲಲ್ಲಿ ನಿಂತು ನಿಂತು ಹಸಿದೋರು ಹೊಗಳಿದಾರೆ. ಹಸಿದೋನಿಗೆ ಡಬ್ಬಿ ಕೊಟ್ರೂ ತಿಂತಾನೆ." ಹನ್ನೊಂದು ವಾರ, ಹನ್ನೊಂದು ಪಿಜ್ಜಾ, ಪ್ರತಿಯೊಂದರ ಕೊನೆಗೂ ಅದೇ ಮಾತು: "ನನ್ನ ತೀನೋ ಇದ್ದಿದ್ರೆ!" ಆ ತಟ್ಟೆಯನ್ನು ತೊಳೆಯುವಾಗ ಅದು ನಿನ್ನ ತಲೆಯಾಗಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದುಂಟು.

ನಿನ್ನೆ ವೊಮೆರೊ ಗುಡ್ಡಕ್ಕೆ ಅಟ್ಟಿದರು. ಗುಡ್ಡದ ರೈಲಿನವರು ಮುಷ್ಕರ ಹೂಡಿ ಕೂತಿದ್ದರು. ಬಾತುಕೊಂಡ ಕಾಲಿನಲ್ಲಿ ಆ ಮೆಟ್ಟಿಲುಗಳನ್ನೆಲ್ಲ ಹತ್ತುವ ಕರ್ಮ ನನಗೇನು? ವಾಪಸು ಬಂದೆ. ಒಲೆ ಇನ್ನೂ ಬಿಸಿಯಾಗಿತ್ತು, ಸಂಜೆಗೆಂದು ಮಾಡಿಟ್ಟ ಹಿಟ್ಟಿನ ಉಂಡೆಗಳು ಒದ್ದೆ ಬಟ್ಟೆಯಡಿ ಉಬ್ಬಿ ಕೂತಿದ್ದವು. ಒಂದು ತೆಗೆದು ತಟ್ಟಿದೆ, ಬೇಯಿಸಿದೆ. ದೂರದಿಂದ ಬಂದ ಹಾಗೆ ಕಾಣಲಿ ಎಂದು ಇಪ್ಪತ್ತು ನಿಮಿಷ ಆರಲು ಬಿಟ್ಟೆ. ನಾಲ್ಕಾಗಿ ಮಡಚಿ, ಕಾಗದ ಸುತ್ತಿ, ಹೊಗೆಯಾಡುವ ಬೆಟ್ಟದ ಚಿತ್ರವಿರುವ ಡಬ್ಬಿಯಲ್ಲಿಟ್ಟೆ; ಊರಿನ ಅರ್ಧ ಅಂಗಡಿಗಳಲ್ಲಿ ಅದೇ ಡಬ್ಬಿಯಲ್ಲವೇ. ಅಪ್ಪ ಅದನ್ನೂ ಉಗಿಯುತ್ತಾರೆ, ಉಗಿಯಲಿ ಎಂದುಕೊಂಡೆ. ಸುಳ್ಳೇಕೆ ಹೇಳಲಿ, ಒಂದು ಸಲವಾದರೂ ನನ್ನ ಪಿಜ್ಜಾ ಅವರ ಹೊಟ್ಟೆಗೆ ಹೋಗಲಿ ಎಂಬ ಆಸೆಯೂ ಇತ್ತು.

ಅವರು ಬೈಯಲಿಲ್ಲ ತೀನೋ. ತುಂಡಿನ ಮೇಲೆ ತುಂಡು ತಿಂದರು. ಕೊನೆಯ ತುಂಡಿನ ಅಂಚನ್ನು ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ನೋಡಿದರು. "ನೋಡೇ, ಇಲ್ಲಿ ಒಂದು ಕಡೆ ಮಾತ್ರ ದಪ್ಪ. ಇದು ನನ್ನ ಮಗನ ಮುದ್ರೆ. ತೀನೋ ಊರಿಗೆ ಬಂದಿದಾನೆ! ನನಗೆ ಹೆದರ್ಕೊಂಡು ಆ ಗುಡ್ಡದ ಮೇಲೆ ಯಾವನ ಅಂಗಡೀಲೋ ಅಡಗಿದಾನೆ. ಹೋಗೇ, ಕರ್ಕೊಂಡು ಬಾ!" ಹಾಗೆಂದು ಅತ್ತರು. ಅಮ್ಮನ ಹೆಣದ ಮುಂದೆ ಅಳದ ಮನುಷ್ಯ, ಎಂಬತ್ತರ ಮುದುಕ, ಎಣ್ಣೆಗೈಯಲ್ಲಿ ಕಣ್ಣೊರೆಸಿಕೊಂಡು ಮಗುವಿನ ಹಾಗೆ ಅತ್ತರು. ನಾನು ಹೇಳಿದೆ, "ಅಪ್ಪಾ, ಇದನ್ನ ಮಾಡಿದ್ದು ನಾನು. ಕೆಳಗೆ, ನಿಮ್ಮ ಒಲೇಲೇ." ಅಳುತ್ತಿದ್ದವರು ನಕ್ಕುಬಿಟ್ಟರು. "ಹೊಟ್ಟೆಕಿಚ್ಚಿಗೂ ಒಂದು ಮಿತಿ ಇರ್ಬೇಕು ಪಾಲ್ಮಾ." ಸಂಜೆಯೊಳಗೆ ನೋಟರಿಗೆ ಹೇಳಿಕಳಿಸಿಯೂ ಆಯಿತು. ಒಲೆ, ಅಂಗಡಿ ಎರಡೂ ಇನ್ನು ನಿನ್ನ ಹೆಸರಿಗಂತೆ.

ಈಗ ಕೇಳು. ಅಪ್ಪ ಮಧ್ಯಾಹ್ನ ಗೊರಕೆ ಹೊಡೆಯುವಾಗ, ನೀನು ಬೀದಿಯಲ್ಲಿ ಚೆಂಡು ಒದೆಯುವಾಗ, ಹಿಂದಿನ ಕೋಣೆಯಲ್ಲಿ ಹಿಟ್ಟು ನಾದುತ್ತಿದ್ದವಳು ಯಾರು? ಅಪ್ಪನ ಏಟಿಗೆ ಹೆದರಿ ಅಳುತ್ತಿದ್ದ ನಿನಗೆ ಅಡುಗೆಮನೆಯ ಮೇಜಿನ ಮೇಲೆ ತಟ್ಟುವುದು ಕಲಿಸಿದವಳು ಯಾರು? ನನ್ನ ಎಡಗೈಯ ಕಿರುಬೆರಳು ಒಂಬತ್ತನೆಯ ವಯಸ್ಸಿನಲ್ಲಿ ಅಮ್ಮನ ಬಾಣಲೆಯ ಎಣ್ಣೆಗೆ ಬೆಂದು ಮಡಚಿಕೊಂಡದ್ದು, ಇವತ್ತಿಗೂ ಬಿಚ್ಚಿಲ್ಲ. ಹಿಟ್ಟು ತಟ್ಟುವಾಗ ಆ ಬೆರಳು ಒತ್ತುವುದಿಲ್ಲ, ಅಂಚು ಅಲ್ಲಿ ದಪ್ಪವಾಗಿ ಉಳಿಯುತ್ತದೆ. ನಿನಗೆ ಅದೇ ಸರಿಯಾದ ಕ್ರಮ ಅನ್ನಿಸಿ, ನೆಟ್ಟಗಿದ್ದ ನಿನ್ನ ಬೆರಳನ್ನೂ ಮಡಚಿಕೊಂಡು ತಟ್ಟಿದೆ. ಅದನ್ನು ಅಪ್ಪ ಮಗನ ಮುದ್ರೆ ಎಂದು ಗಿರಾಕಿಗಳ ಮುಂದೆ ಕೊಂಡಾಡಿದರು, ನೀನು ತಲೆ ತಗ್ಗಿಸಿ ಕೇಳಿಸಿಕೊಂಡೆ. ನಾನೂ ಸುಮ್ಮನಿದ್ದೆ, ನಿನಗೆ ಏಟು ತಪ್ಪಿತಲ್ಲ ಎಂದು. ಆಮೇಲೆ ಸ್ಟೇಷನ್ನಿನಲ್ಲಿ ನೀನೇ ಹೇಳಿದೆ, "ಅಕ್ಕಾ, ನನಗೆ ಹಿಟ್ಟು ಅಂದ್ರೇನೇ ಆಗಲ್ಲ, ಯಾವತ್ತೂ ಆಗ್ತಿರಲಿಲ್ಲ." ನನಗೆ ಹೇಳಿದೆ. ಹೇಳಬೇಕಾದವರಿಗೆ ಹೇಳದೆ ರೈಲು ಹತ್ತಿದೆ, ಹೇಡಿ.

ನಿನ್ನಿಂದ ನನಗೆ ಏನೂ ಬೇಕಾಗಿಲ್ಲ. ಓರ್ನೆಲ್ಲಾಗೆ ನನ್ನ ನೆನಪು ತಿಳಿಸು, ಅವಳು ಕಳಿಸಿದ ಉಣ್ಣೆಯ ಶಾಲನ್ನು ಅಪ್ಪ ಬೈದುಕೊಂಡೇ ಹೊದೆಯುತ್ತಾರೆ. ಅಪ್ಪನ ಆಶೀರ್ವಾದವಂತೂ ನಿನಗೆ ಕೇಳದೆಯೇ ಸಿಕ್ಕಿದೆ. ನನ್ನದೂ ಬೇಕಿದ್ದರೆ ಇಟ್ಟುಕೋ, ಸೊಂಟಕ್ಕೆ ಒಳ್ಳೆಯದು.

ನಿನ್ನ ಅಕ್ಕ,
ಪಾಲ್ಮಾ

ಮರೆತ ಮಾತು: ಗಿರಾಕಿಗಳು ಬಂದರು, ಬೇಗ ಮುಗಿಸುತ್ತೇನೆ. ನೋಟರಿ ಬರುವುದು 24ನೇ ತಾರೀಖು ಶನಿವಾರ. ನೀನು ಶುಕ್ರವಾರದೊಳಗೆ ಬಂದುಬಿಡು. ನನ್ನ ಮಾತನ್ನು ಅಪ್ಪ ನಂಬುವುದಿಲ್ಲ, ನಿನ್ನದನ್ನು ನಂಬುತ್ತಾರೆ. ಉದ್ದುದ್ದ ಭಾಷಣ ಬೇಡ, ನಿನಗೆ ಬರುವುದೂ ಇಲ್ಲ. ಅವರ ಮಂಚದ ಪಕ್ಕ ಕೂತು ನಿನ್ನ ಎಡಗೈ ಚಾಚು. ಐದೂ ಬೆರಳು ನೆಟ್ಟಗಿರುವುದನ್ನು ಅವರೇ ಮುಟ್ಟಿ ನೋಡಲಿ. ಆಮೇಲೆ ನನ್ನ ಕೈ ಚಾಚುತ್ತೇನೆ.