ಗುಡ್ಡದ ಮೇಲಿನ ಬುತ್ತಿ

ಕುರುಗೋಡು,
೧೪ ಏಪ್ರಿಲ್ ೧೯೪೪

ಚಿ. ಸೌ. ಗುರುಬಸಮ್ಮನಿಗೆ ಆಶೀರ್ವಾದಗಳು.

ಸಿರುಗುಪ್ಪದ ನಮ್ಮ ಹಿತ್ತಲಿನಲ್ಲಿ ನೆರೆದಿರುವ ಎಮ್ಮೆಯವರೇ, ಬೆಕ್ಕಿನವರೇ, ಅಧ್ಯಕ್ಷತೆ ವಹಿಸಿರುವ ಶ್ರೀಮತಿಯವರೇ! ಪ್ರವಾಸ ಹೋದ ಭಾಷಣಕಾರರು ತಡಮಾಡಿದ್ದಕ್ಕೆ ಸಭೆಯ ಕ್ಷಮೆ ಬೇಡುತ್ತಾರೆ. ಮಗಳನ್ನು ಹೆರಿಗೆಗೆ ಕರೆತರುತ್ತೇನೆಂದು ಹೊರಟವನು ಸೋಮವಾರವೇ ಬರಬೇಕಿತ್ತು. ನೀನು ಅಟ್ಟದ ತೊಟ್ಟಿಲು ಇಳಿಸಿ, ತೊಳೆದು, ದಿನಾ ಬಸ್ಸಿನ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತೀ, ಬಲ್ಲೆ.

ಮೊದಲು ಬಳ್ಳಾರಿ. ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿದೆ. ನಮ್ಮ ಪಾಲಿಗೆ ಇದ್ದಲಿನ ಬಸ್ಸು. ಏರು ಬಂದಲ್ಲೆಲ್ಲ ಅದು ನಿಂತಿತು, ನಾವು ಇಳಿದು ನೂಕಿದೆವು. ಟಿಕೀಟು ನಮ್ಮದು, ಸವಾರಿ ಅದರದು. ಕೋಟೆ ಗುಡ್ಡದ ಕೆಳಗೆ ನಿಂತು ಪದ್ಯವನ್ನೂ ಕಟ್ಟಿದೆ:

ಬಳ್ಳಾರಿ ಬಿಸಿಲಿಗೆ ಬಂದವನು ಬೆಂದ,
ಬೆಂದರೂ ಕೋಟೆಯ ನೋಡುತ್ತ ನಿಂದ.

ಬ್ರೂಸ್‌ಪೇಟೆಯಲ್ಲಿ ನೀನು ಹೇಳಿದ ಹಸಿರು ಸೀರೆ ಕೊಂಡೆ. "ಮಗಳಿಗೇನ್ರಿ ಮಾಸ್ತರ? ಎಷ್ಟು ತಿಂಗಳು?" ಎಂದ ಅಂಗಡಿಯವ. ಏಳು ಎಂದೆ. "ಹಂಗಾರ ಸೆರಗು ದೊಡ್ಡದಿರೋದು ತಗೋರಿ. ಕೂಸಿನ ಬಾಯಿ ಒರಸಾಕ ಬೇಕಾಗ್ತೈತಿ" ಎಂದು ನಕ್ಕ.

ಮಗಳ ಊರು ಈ ಕುರುಗೋಡಿನಲ್ಲಿ ನನಗೀಗ 'ಗುಡ್ಡದ ಮಾಸ್ತರ' ಎಂದೇ ಹೆಸರು. ಎಮ್ಮೆಯವರಿಗೆ ತಿಳಿಯದಿದ್ದರೆ ಹೇಳುತ್ತೇನೆ: ಮಗಳು ಹಡೆಯುವವರೆಗೆ ಅವಳ ಮನೆಯಲ್ಲಿ ತಂದೆಯಾದವನು ಅನ್ನ ಮುಟ್ಟಬಾರದು, ಇದು ನಮ್ಮ ಮನೆತನದ ಕಟ್ಟಳೆ. ಮದುವೆಯಾಗಿ ಆರು ವರ್ಷವಾಯಿತು. ಹೋದಾಗಲೆಲ್ಲ ನೀನು ಕಟ್ಟಿದ ಬುತ್ತಿ ಹಿಡಿದು ಗುಡ್ಡ ಹತ್ತಿ, ಬಂಡೆಯ ನೆರಳಲ್ಲಿ ರೊಟ್ಟಿ ಮುರಿಯುತ್ತೇನೆ. ಊರವರು ಅದನ್ನು ಪ್ರಕೃತಿಪ್ರೇಮವೆಂದು ತಿಳಿದಿದ್ದಾರೆ. ಬೀಗತಿ ಪಾರಮ್ಮ ಮಾತ್ರ ಬಿಡಲಿಲ್ಲ.

"ಏನ್ ಬೀಗರ, ಈ ಸಲನೂ ಗುಡ್ಡಕ್ಕ ಹೊಂಟ್ರಿ? ನಮ್ಮ ಮನಿ ಅನ್ನದಾಗ ಮುಳ್ಳು ಅದಾವೇನು?"

"ನಿಮ್ಮ ಸೊಸಿ ಹಡೀಲಿ ತಡೀರಿ ಪಾರಮ್ಮಾರ. ಆಮ್ಯಾಗ ನಿಮ್ಮ ಗಡಿಗಿ ತಳ ಕೆರೀತೀನಿ."

ಒಳಗೆ ನಮ್ಮ ಮಗಳು ವಿರೂಪಮ್ಮ ನಕ್ಕದ್ದು ಕೇಳಿಸಿತು. ಮದುವೆಗೆ ಮುಂಚೆ ನಗುತ್ತಿದ್ದಳಲ್ಲ, ಹಾಗೆ.

ಈಗ ಅವಳಿಗೆ ತುಸು ನಿತ್ರಾಣ. ಇನ್ನೊಂದು ವಾರ ಬಿಟ್ಟು ಕರೆತರುತ್ತೇನೆ. ಅಳಿಯ ಹಂಪಯ್ಯ ಕಮಾನಿನ ಬಂಡಿ ಕಟ್ಟಿಸುತ್ತೇನೆ ಎಂದಿದ್ದಾನೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಬಿಸಿಲಲ್ಲಿ ಬಾಗಿಲಿಗೆ ಬಂದು ನಿಲ್ಲಬೇಡ. ಬಸವಣ್ಣ ನಿನಗೆ ಗಟ್ಟಿ ಮನಸ್ಸು ಕೊಡಲಿ.

ಇಂತಿ,
ಚಿದಾನಂದಪ್ಪ

ತಾ. ಕ.: ಸಭೆ ಮುಗಿಯಿತು, ಗುರುಬಸೂ. ಇದನ್ನು ಒಬ್ಬಳೇ ಓದು. ಇಂದು ಮಧ್ಯಾಹ್ನ ನಾನು ಮಗಳ ಮನೆಯಲ್ಲಿ ಉಂಡೆ.

ಬಂದ ಮರುದಿನವೇ ಅವಳಿಗೆ ನೋವು ಕಾಣಿಸಿತು. ಹೆಣ್ಣುಕೂಸು. ಒಂದು ಸಲ ಅತ್ತಿತು. ಬಿಸಿಲೇರುವ ಮೊದಲೇ ಹೋಯಿತು. ಆ ಹಸಿರು ಸೀರೆಯ ಸೆರಗನ್ನೇ ಹರಿದು ಸುತ್ತಿ, ಗುಡ್ಡದ ಬುಡದಲ್ಲಿ ಮಣ್ಣು ಮಾಡಿದೆವು.

ಇಂದು ಉಳಿದ ಒಣರೊಟ್ಟಿಯ ಗಂಟು ಹಿಡಿದು ಹೊಸ್ತಿಲು ದಾಟುತ್ತಿದ್ದೆ. ವಿರೂಪಮ್ಮ ಹಾಸಿಗೆಯಿಂದಲೇ ಕರೆದಳು: "ಅಪ್ಪಾ, ಇನ್ನ ಗುಡ್ಡಕ್ಕ ಹೋಗಬ್ಯಾಡ. ಇಲ್ಲೇ ಉಣ್ಣು. ನಾ ಹಡದೀನಲ್ಲ."

ಪಾರಮ್ಮ ತಾಟು ಇಟ್ಟರು. ಉಂಡೆ.

ನಾವು ಬರುವ ಮೊದಲು ತೊಟ್ಟಿಲನ್ನು ಅಟ್ಟಕ್ಕೆ ಏರಿಸಿಬಿಡು.