ಸುಟ್ಟ ಬೂಟುಗಳಿಗೆ ಹೊಣೆ ಯಾರು?

ತ್ಯಾಜ್ಯ ನಿಯಮಗಳನ್ನು ಬರೆಯುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಹೊಸ ನಿಯಮ ಜಾರಿಗೆ ಬರುವಷ್ಟರಲ್ಲಿ ನಾವು ಸುಟ್ಟು ಹೋಗಿರುತ್ತೇವೆಂಬ ಭಯದಿಂದ ಇದನ್ನು ಬರೆಯುತ್ತಿದ್ದೇನೆ. ಬಟ್ಟೆ, ಪಾದರಕ್ಷೆ ತಯಾರಿಸುವವರೂ ಆಮದು ಮಾಡುವವರೂ ಅವುಗಳ ಕಸಕ್ಕೂ ಹೊಣೆಯಾಗಬೇಕು ಎಂದಿರಿ. ಸಂತೋಷ. ಆದರೆ ಆ ಹೊಣೆ ಬರುವ ವರ್ಷದಿಂದ ಎಂದೂ ಸೇರಿಸಿದಿರಿ. ಗೋದಾಮುಗಳಲ್ಲಿ ಕೊಳೆಯುತ್ತಿರುವುದನ್ನು ಅಷ್ಟರೊಳಗೆ ಎಲ್ಲಿ ಸುರಿದಾರೆಂದು ಯೋಚಿಸಿದಿರಾ? ನಮ್ಮೂರು ಆಲ್ಟೊ ಹೊಸ್ಪಿಸಿಯೊದ ಮರಳುಗಾಡಿನಲ್ಲಿ, ನಮ್ಮ ಹಲಗೆ ಮನೆಗಳ ಬೆನ್ನಿಗೇ ಸುರಿಯುತ್ತಿದ್ದಾರೆ. ಜಾಗ ಸಾಲದಾದಾಗ ಬೆಂಕಿ ಇಡುತ್ತಾರೆ.

ನಾನು ಸಂತೆಯಲ್ಲಿ ಹಳೆ ಬಟ್ಟೆ ಮಾರುವವಳು. ಆ ಬಟ್ಟೆ ಹೊತ್ತು ತರುವ ಹಡಗು ಬರುವುದೇ ಬೇಡ ಎನ್ನುವಷ್ಟು ಉಂಡು ಮಲಗಿದವಳಲ್ಲ. ನನ್ನ ನೆರೆಯ ಬೆಲಾರ್ಮಿನೊ ಗಣಿಯಲ್ಲಿ ದುಡಿದು ಶ್ವಾಸಕೋಶ ಕೆಡಿಸಿಕೊಂಡಿದ್ದ ಮುದುಕ. ಚಳಿಗೆಂದು ಗೋಡೆಯ ಸಂದಿಗೆಲ್ಲ ಜೀನ್ಸ್ ತುರುಕಿದ್ದ. "ಸಾಹುಕಾರರ ಪ್ಯಾಂಟಿನೊಳಗೆ ಸಂಸಾರ ಮಾಡ್ತಿದೀನಿ ಕಣಮ್ಮ" ಎಂದು ನಗುತ್ತಿದ್ದ.

ಕಳೆದ ತಿಂಗಳು, ಮಧ್ಯಾಹ್ನ ಕಡಲ ಗಾಳಿ ಏಳುವ ಹೊತ್ತಿಗೆ, ಬೂಟುಗಳ ರಾಶಿ ಹೊತ್ತಿಕೊಂಡಿತು. ಕರಗಿದ ರಬ್ಬರಿನ ಹೊಗೆ ಬೀದಿಯನ್ನೇ ನುಂಗಿತು. ಅವನ ಹೆಂಡತಿ ಎದುವಿಹೆಸ್ ಮತ್ತು ನಾನು ಅವನ ತೋಳು ಹಿಡಿದೆವು.

"ಸ್ವಲ್ಪ ತಡಿಯೇ, ಗಾಳಿ ತಿರುಗುತ್ತೆ" ಎಂದ.

"ತಿರುಗಿರೋದು ನಿನ್ನ ತಲೆ. ಏಳು ಮುದುಕಾ" ಎಂದಳು ಎದುವಿಹೆಸ್.

ಅಷ್ಟರಲ್ಲಿ ಗೋಡೆ ಒಳಗಿನಿಂದಲೇ ಉರಿಯತೊಡಗಿತು. ಕೆಮ್ಮುತ್ತಿದ್ದವನನ್ನು ಹೊರಗೆಳೆದು ಮರಳಿನ ಮೇಲೆ ಮಲಗಿಸಿದೆವು. ಅಗ್ನಿಶಾಮಕದವನೊಬ್ಬ ಬರಿಗೈಯಲ್ಲಿ ಓಡಿಬಂದ. "ಅಕ್ಕಾ, ದಾರಿ ತುಂಬ ಮೂಟೆ ಸುರಿದಿದಾರೆ. ಗಾಡಿ ಹತ್ತಲ್ಲ." ಬಾಗಿಲ ಹಲಗೆಯ ಮೇಲೆ ಬೆಲಾರ್ಮಿನೊನನ್ನು ಹೊತ್ತು ಆ ಮೂಟೆಗಳನ್ನು ತುಳಿದುಕೊಂಡೇ ಇಳಿದೆವು. ಆಸ್ಪತ್ರೆ ತಲುಪುವ ಮೊದಲೇ ಉಸಿರು ನಿಂತಿತು.

ಬೂದಿ ಆರಿದ ಮೇಲೆ ನಿಮ್ಮ ಕಡೆಯವರೊಬ್ಬರು ಬಂದರು. ಈ ಬೂಟು ತಂದವರು ಯಾರೆಂದು ಎದುವಿಹೆಸ್ ಕೇಳಿದಳು.

"ಕಂಪನಿ ಗುರುತೆಲ್ಲ ಸುಟ್ಟುಹೋಗಿದೆಯಲ್ಲಮ್ಮ. ಯಾರದ್ದು ಅಂತ ಹೇಳೋದು?"

"ಗುರುತು ಸಿಗಬಾರದು ಅಂತ್ಲೇ ಅಲ್ವಾ ಸುಟ್ಟಿದ್ದು?"

ಆ ಮಹನೀಯರು ಮುಖಗವಸು ಸರಿಮಾಡಿಕೊಂಡು ಕಾರು ಹತ್ತಿದರು. ನಿಮ್ಮ ನಿಯಮದ ಇಷ್ಟು ದೊಡ್ಡ ತೂತು ಗಂಡ ಸತ್ತ ಹೆಂಗಸಿಗೆ ಕಂಡಿತು. ನಿಮ್ಮ ತಜ್ಞರಿಗೆ ಏಕೆ ಕಾಣಲಿಲ್ಲ?

ಎದುವಿಹೆಸ್ ಈಗ ನನ್ನ ಮನೆಯಲ್ಲಿದ್ದಾಳೆ. ಒಲೆ ಹಚ್ಚಿದರೆ ಎದ್ದು ಹೊರಗೆ ಹೋಗುತ್ತಾಳೆ. ಲಾರಿಗಳು ನಿಂತಿಲ್ಲ. ನಿನ್ನೆ ಸುರಿದ ರಾಶಿ ನನ್ನ ಹಿಂಬಾಗಿಲನ್ನು ಮುಟ್ಟಿದೆ. ಮಕ್ಕಳಿಗೆ ಹೊರಗೆ ಹೋಗುವ ಬಟ್ಟೆ ತೊಡಿಸಿಯೇ ಮಲಗಿಸುತ್ತೇನೆ, ಓಡಬೇಕಾದರೆ ತಡವಾಗದಿರಲೆಂದು.

ಈಗಾಗಲೇ ಬಿದ್ದಿರುವ ಕಸಕ್ಕೂ ಅದನ್ನು ತಂದವರನ್ನೇ ಹೊಣೆ ಮಾಡಿ. ಗುರುತುಗಳು ಉಳಿದಿರುವಾಗಲೇ ಬಂದು ನೋಡಿ. ದಾರಿ ತೆರವು ಮಾಡಿಸಿ, ನೀರಿನ ಗಾಡಿಯೊಂದನ್ನು ನಮ್ಮ ಬೀದಿಯಲ್ಲೇ ನಿಲ್ಲಿಸಿ. ಬರುವ ವರ್ಷವಲ್ಲ, ಈ ವಾರ. ಇಲ್ಲಿ ಗಾಳಿ ದಿನವೂ ಏಳುತ್ತದೆ.

ಇಂತಿ,
ಸದ್ಯಕ್ಕೆ ಉಸಿರಾಡುತ್ತಿರುವ
ನೆಲ್ಡಾ ಚಲ್ಲಾಪಾ